ಗಾಳಿಯೋಣಿಯ ಕೂಗುವವಳು

ಆ ಊರಿಗೆ ಗಾಳಿ ಬರುತ್ತಿದ್ದದ್ದು ಒಂದೇ ಓಣಿಯಿಂದ. ಸುತ್ತಲೂ ಮೆತ್ತನೆಯ ಕೆಂಪು ಗೋಡೆ, ಗೋಡೆಯಾಚೆ ಏನಿದೆ ಎಂದು ನೋಡಿದವರಿಲ್ಲ. ಹೊರಗಿನ ಗಾಳಿ ಓಣಿಯ ಬಾಯಿಂದ ಒಳಗೆ ಬಂದು, ಮನೆಮನೆಯ ಕಿಟಕಿ ಮುಟ್ಟಿ, ಅದೇ ಓಣಿಯಿಂದ ಹೊರಗೆ ಹೋಗುತ್ತಿತ್ತು. ಗಾಳಿ ಬಂದಾಗ ಊರು ಉಬ್ಬುತ್ತಿತ್ತು, ಹೋದಾಗ ಇಳಿಯುತ್ತಿತ್ತು. ಅಲ್ಲಿ ಹುಟ್ಟಿದವರು ಇದನ್ನು ಯಾವತ್ತೂ ಗಮನಿಸಿದವರಲ್ಲ.

ಓಣಿಯ ಎರಡು ಬದಿಗೂ ಕಟ್ಟೆಗಳಿದ್ದವು. ಕಟ್ಟೆಗೊಬ್ಬರಂತೆ ಕೂಗುವವರು ಕೂತಿರುತ್ತಿದ್ದರು. ಓಣಿಯ ಬಾಯಿಗೆ ತೀರ ಹತ್ತಿರದ ಕಟ್ಟೆಯಲ್ಲಿ ಒಬ್ಬ ಹೆಣ್ಣುಮಗಳು. ಈ ಕಥೆ ಅವಳದು.

ಕೂಗುವವರ ಬಾಯಲ್ಲಿ ಇದ್ದದ್ದು ಮೂರು ಕೂಗು. ಮುದ್ರೆಯ ಕೂಗು ಕೇಳಿದರೆ ಮುದ್ರೆ ಒತ್ತುವವರು ಬಂದವನ ಮುಖವನ್ನು ದೂರದಿಂದಲೇ ನೋಡಿ ಮಣ್ಣಿನ ಬಿಲ್ಲೆಯ ಮೇಲೆ ಅಚ್ಚೊತ್ತಿ, ಓಣಿಯುದ್ದಕ್ಕೂ ಇದ್ದ ಗಡಿಗೆಯವರ ಬಾಗಿಲುಗಳಿಗೆ ತೂಗುಹಾಕಬೇಕು. ಅದೇ ಮುಖದವನು ಮತ್ತೆ ಬಂದರೆ ಗಡಿಗೆಯವರು ತಮ್ಮ ಉರಿನೀರಿನ ಗಡಿಗೆಗಳನ್ನು ಓಣಿಗೆ ಒಡೆಯಬೇಕು. ನೀರಿನ ಕೂಗು ಕೇಳಿದರೆ ತೂಬಿನವರು ಗೋಡೆಯೊಳಗಿನ ತೂಬುಗಳನ್ನೆಲ್ಲ ಎತ್ತಬೇಕು. ಬೆಂಕಿಯ ಕೂಗು ಕೇಳಿದರೆ ಎಲುಬಿನ ಬೆಟ್ಟದಿಂದ ಕೆಂಡದವರು ಇಳಿದು ಬರಬೇಕು.

ಕೂಗು ಕೇಳಿದವರು ಯಾಕೆ ಎಂದು ಕೇಳುವಂತಿಲ್ಲ. ಕಣ್ಣಾರೆ ನೋಡಿ ಬರುತ್ತೇನೆ ಎನ್ನುವಂತಿಲ್ಲ. ಪಕ್ಕದ ಕಟ್ಟೆಯವನು ಕೂಗಿದರೆ ತಾನೂ ಕೂಗಬೇಕು. ಇದು ಆ ಊರಿನ ಕಟ್ಟಳೆ. ಕೂಗಿದ್ದನ್ನು ಹಿಂದಕ್ಕೆ ಪಡೆಯುವ ಕೂಗು ಒಂದಿತ್ತೇ ಎಂದರೆ, ಇರಲಿಲ್ಲ.

ಇದನ್ನೆಲ್ಲ ಹಿರಿಯರು ಮಾಡಿಟ್ಟದ್ದು ಹುಳುಗಳಿಗಾಗಿ. ಹಿಂದೆ ಗೋಡೆಯನ್ನು ಕೊರೆದು ಹುಳುಗಳು ಬರುತ್ತಿದ್ದವಂತೆ, ಮನುಷ್ಯನ ತೊಡೆಯಷ್ಟು ದಪ್ಪ, ಕಣ್ಣಿಲ್ಲದವು. ನೀರು ಬಿಟ್ಟು, ಬೆಂಕಿ ಸುರಿದು ಅವುಗಳನ್ನು ಹೊರಗೆ ದೂಡುತ್ತಿದ್ದರಂತೆ. ಕೂಗುವವಳ ಅಜ್ಜಿಯ ಕಾಲಕ್ಕೇ ಹುಳುಗಳ ಬರವು ನಿಂತಿತ್ತು. ಹುಳುಗಳು ಹೋದವು. ಕಟ್ಟೆಗಳು ಉಳಿದವು, ಗಡಿಗೆಗಳು ತುಂಬಿಯೇ ಇದ್ದವು, ಬೆಟ್ಟದಲ್ಲಿ ಕೆಂಡ ಆರಲಿಲ್ಲ.

ಅಂಗೈ ಬಿಸಿಯಿರುವ ಮಕ್ಕಳು ಹುಟ್ಟಿದರೆ ಅವರನ್ನು ಎಲುಬಿನ ಬೆಟ್ಟಕ್ಕೆ ಒಯ್ಯುತ್ತಿದ್ದರು. ಕೂಗುವವಳ ತಮ್ಮನನ್ನೂ ಹಾಗೆ ಒಯ್ದಿದ್ದರು. ಆಗ ಅವಳು ಅವನನ್ನು ಸೊಂಟದ ಮೇಲೆ ಎತ್ತಿಕೊಂಡು ತಿರುಗುವಷ್ಟು ದೊಡ್ಡವಳಾಗಿದ್ದಳು. ಒಯ್ಯುವವರು ಬಂದಾಗ ಅವನು ಅವಳ ಕತ್ತನ್ನು ಹಿಡಿದಿದ್ದ. ಬಿಡಿಸಿಕೊಂಡ ಮೇಲೂ ಆ ಅಂಗೈಗಳ ಬಿಸಿ ಕತ್ತಿನ ಮೇಲೆ ಬಹಳ ಹೊತ್ತು ಇತ್ತು. ಬೆಟ್ಟದಿಂದ ಇಳಿದ ಕೆಂಡದವರು ಮತ್ತೆ ಹತ್ತುವುದಿಲ್ಲ ಎಂಬುದು ಅವಳಿಗೆ ಆಗ ಗೊತ್ತಿರಲಿಲ್ಲ. ಕೂಗಿದರೆ ಬರುತ್ತಾನೆ ಎಂದಷ್ಟೇ ದೊಡ್ಡವರು ಹೇಳಿದ್ದರು. ಕಟ್ಟೆ ಹತ್ತುವ ದಿನ ಅವಳು ಅದನ್ನೇ ನೆನೆದು ಖುಷಿಪಟ್ಟಿದ್ದಳು.

ಅವಳು ಕಟ್ಟೆ ಹತ್ತಿದ ವರ್ಷವೇ ಹೊರಗಿನಿಂದ ಹೊಗೆ ಬಂತು. ಎಲ್ಲಿಯ ಹೊಗೆಯೋ, ಯಾರು ಸುಟ್ಟದ್ದೋ. ಓಣಿಯ ಗೋಡೆಯನ್ನು ಉಗುರಿನಿಂದ ಕೆರೆದ ಹಾಗೆ ಕೆರೆದು ಹೋಯಿತು. ಗೋಡೆ ನರಳಿತು. ಗೋಡೆ ನರಳಿದರೆ ಮೊದಲ ಕಟ್ಟೆಯವರು ಓಣಿಯಲ್ಲಿ ಯಾರಿದ್ದಾರೆಂದು ನೋಡಿ ಕೂಗಬೇಕು. ಅವಳು ನೋಡಿದಳು. ಹೊಗೆ ಆಗಲೇ ಹೋಗಿತ್ತು. ಓಣಿಯಲ್ಲಿ ಇದ್ದವನು ಹಳದಿ ಹುಡಿಯವನು ಒಬ್ಬನೇ.

ಹೂವಿನ ಕಾಲದಲ್ಲಿ ಗಾಳಿಯ ಜೊತೆ ಬರುವ ಜನ ಅವರು. ಪ್ರತಿ ವರ್ಷ ಬರುವವನು ಬೇರೆ, ಆದರೆ ಎಲ್ಲರ ಮುಖವೂ ಒಂದೇ. ಹೆಗಲಿಗೆ ಹುಡಿಯ ಚೀಲ, ಮೈಯೆಲ್ಲ ಹಳದಿ. ಅವರು ಮಾರುವುದಿಲ್ಲ, ಬೇಡುವುದಿಲ್ಲ. ಎಲ್ಲೋ ಒಂದು ಹೂವನ್ನು ಹುಡುಕಿಕೊಂಡು ಹೊರಟು ದಾರಿ ತಪ್ಪಿ ಈ ಓಣಿಗೆ ಬಂದವರು. ಒಂದಷ್ಟು ಹೊತ್ತು ನಿಂತು, ಇಲ್ಲಿ ಹೂವಿಲ್ಲವೆಂದು ತಿಳಿದು ಹೋಗಿಬಿಡುತ್ತಿದ್ದರು. ಊರು ಹುಟ್ಟಿದಾಗಿನಿಂದ ಬಂದು ಹೋಗುತ್ತಿದ್ದವರು.

ಗೋಡೆ ನರಳುತ್ತಿತ್ತು, ಅವನು ಅಲ್ಲಿದ್ದ. ಕಲಿಸಿದ್ದಂತೆ ಅವಳು ಮುದ್ರೆಯ ಕೂಗು ಕೂಗಿದಳು. ಎದುರು ಕಟ್ಟೆಯ ಮುದುಕ ಅದನ್ನೆತ್ತಿಕೊಂಡ, ಅವನಿಂದ ಮುಂದಿನವನು, ಅವನಿಂದ ಮತ್ತೊಬ್ಬ. ಸಂಜೆಯೊಳಗೆ ಹಳದಿ ಹುಡಿಯವನ ಮುಖ ಓಣಿಯ ಬಾಗಿಲು ಬಾಗಿಲಲ್ಲೂ ತೂಗಾಡುತ್ತಿತ್ತು. ಅವನು ಮಾತ್ರ ಏನೂ ಅರಿಯದೆ ತನ್ನ ದಾರಿ ಹಿಡಿದು ಹೋಗಿದ್ದ.

ಮರುವರ್ಷ ಹೂವಿನ ಕಾಲಕ್ಕೆ ಇನ್ನೊಬ್ಬ ಬಂದ. ಗಡಿಗೆಯವರು ಅವನ ಮುಖ ನೋಡಿದರು, ಬಿಲ್ಲೆ ನೋಡಿದರು, ಗಡಿಗೆ ಒಡೆದರು. ಉರಿನೀರು ಓಣಿಯಲ್ಲಿ ಹರಿಯಿತು. ಗೋಡೆ ಕೆಂಪಾಯಿತು, ಊದಿಕೊಂಡಿತು, ನರಳಿತು. ಗೋಡೆ ನರಳಿದ್ದಕ್ಕೆ ಕೂಗುವವರು ನೀರಿನ ಕೂಗು ಕೂಗಿದರು. ತೂಬುಗಳಿಂದ ಅಂಟಂಟಾದ ನೀರು ನುಗ್ಗಿತು. ನೀರಿನಲ್ಲಿ ಹಳದಿಯವನು ಕರಗಿಹೋದ. ಅವನು ಕರಗಿದ ಮೇಲೂ ಗೋಡೆ ನರಳುತ್ತಿತ್ತು. ಅದಕ್ಕೆ ಬೆಂಕಿಯ ಕೂಗು ಕೂಗಿದರು. ಬೆಟ್ಟದಿಂದ ಕೆಂಡದವರು ಸಾಲುಗಟ್ಟಿ ಇಳಿದರು, ಶತ್ರುವನ್ನು ಹುಡುಕಿದರು, ಸಿಗಲಿಲ್ಲ. ಹೊತ್ತು ತಂದದ್ದನ್ನು ಗೋಡೆಗೇ ಸುರಿದು ಗೋಡೆಯ ಬುಡದಲ್ಲೇ ಸತ್ತರು. ಸುಟ್ಟ ಗೋಡೆ ಮತ್ತೂ ನರಳಿತು. ನರಳಿದ್ದಕ್ಕೆ ಮತ್ತೂ ಕೂಗಿದರು.

ಆಮೇಲೆ ಪ್ರತಿ ವರ್ಷವೂ ಹೀಗೆಯೇ ಆಯಿತು. ಸುಟ್ಟು ಸುಟ್ಟು ಗೋಡೆ ದಪ್ಪವಾಯಿತು. ಓಣಿ ಕಿರಿದಾಯಿತು. ಒಳಗಿನ ಮನೆಗಳಲ್ಲಿ ದೀಪಗಳು ಸಣ್ಣಗಾದವು, ಮಕ್ಕಳು ಓಡುವುದನ್ನು ಬಿಟ್ಟು ಕೂತು ಆಡತೊಡಗಿದರು. ಮಲಗಿದರೆ ಉಸಿರು ಸಿಕ್ಕುವುದಿಲ್ಲವೆಂದು ಮುದುಕರು ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದರು.

ಇಳಿದು ಬರುವ ಕೆಂಡದವರ ಬಳಿ ಅವಳು ತಮ್ಮನ ಸುದ್ದಿ ಕೇಳುತ್ತಿದ್ದಳು. ಇದ್ದಾನೆ, ಅಕ್ಕನನ್ನು ಕೇಳಿದೆ ಎಂದು ಹೇಳು ಅಂದ, ಎಂದು ಅವರು ಸಾಯುವ ಮುನ್ನ ಹೇಳುತ್ತಿದ್ದರು. ಒಂದು ವರ್ಷ ಇಳಿದವನೊಬ್ಬ, ಮುಂದಿನ ಸಲ ಬರುವ ಸಾಲು ನಿನ್ನ ತಮ್ಮನದು ಎಂದ. ಅವನ ದನಿಯಲ್ಲಿ ಮರುಕವೇನೂ ಇರಲಿಲ್ಲ, ಸರದಿ ಹೇಳುವವನ ಹಾಗೆ ಹೇಳಿದ್ದ. ಅವಳು ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅವನು ತಣ್ಣಗಾಗುವ ತನಕ ಕೂತಿದ್ದಳು. ಆಮೇಲೆ ಕಟ್ಟೆಯಿಂದ ಇಳಿದು, ಯಾರಿಗೂ ಹೇಳದೆ, ತಣಿಸುವವಳನ್ನು ಹುಡುಕಿಕೊಂಡು ಹೋದಳು.

ತಣಿಸುವವರು ಎಂಬ ಜನ ಆ ಊರಿನಲ್ಲಿ ಇದ್ದರು. ಹುಳುಗಳ ಕಾಲದಲ್ಲಿ ತುಂಬ ಮಂದಿ ಇದ್ದರಂತೆ. ಕೂಗು ಅತಿಯಾದಾಗ ಕಟ್ಟೆಯಿಂದ ಕಟ್ಟೆಗೆ ಹೋಗಿ, ಕಿವಿಯ ಬಳಿ ಬಾಯಿಟ್ಟು, ಮೆಲ್ಲಗೆ ಏನನ್ನೋ ಹೇಳಿ ಸುಮ್ಮನಿರಿಸುತ್ತಿದ್ದರಂತೆ. ಈಗ ಉಳಿದವಳು ಒಬ್ಬಳೇ ಮುದುಕಿ. ಊರಿನ ಹಿಂಬದಿಯಲ್ಲಿ, ಗಾಳಿ ತೀರ ಕಡಿಮೆ ಬರುವ ಕಡೆ, ಒಂದು ಗೂಡಿನಂಥ ಮನೆಯಲ್ಲಿದ್ದಳು.

ಕೂಗುವವಳು ಎಲ್ಲವನ್ನೂ ಹೇಳಿಕೊಂಡಳು. ಹಳದಿಯವನು ಏನೂ ಮಾಡುವುದಿಲ್ಲವೆಂದು ತನಗೆ ಗೊತ್ತು, ಎದುರು ಕಟ್ಟೆಯವನಿಗೂ ಗೊತ್ತು, ಬಹುಶಃ ಎಲ್ಲರಿಗೂ ಗೊತ್ತು, ಆದರೂ ಗೋಡೆ ನರಳಿದ ಕೂಡಲೇ ಬಾಯಿ ತಾನಾಗಿ ತೆರೆಯುತ್ತದೆ ಎಂದಳು.

"ಹುಳ ಇದ್ದಾಗ ನಮಗೂ ಬೆಲೆ ಇತ್ತು ಮಗಾ," ಎಂದಳು ಮುದುಕಿ. "ಹುಳಾನೂ ಬದುಕಬೇಕಿತ್ತು, ಊರೂ ಬದುಕಬೇಕಿತ್ತು. ಎಲ್ಲಿ ನಿಲ್ಲಿಸಬೇಕು ಅಂತ ಹೇಳೋರು ಬೇಕಿತ್ತು. ಹುಳ ಹೋದ ಮೇಲೆ ನಮ್ಮನ್ನ ಯಾರು ಕೇಳ್ತಾರೆ? ನನ್ನ ಮಾತು ಕಿವಿಯ ಹತ್ರ ಹೇಳಿದ್ರೆ ಮಾತ್ರ ಕೇಳುತ್ತೆ. ನಿಮ್ಮ ಕೂಗು ಬೆಟ್ಟ ಮುಟ್ಟುತ್ತೆ."

ಆದರೂ ಒಂದು ದಾರಿಯಿದೆ ಎಂದಳು. ಈ ಸಲದ ಹಳದಿ ಹುಡಿ ಓಣಿಯ ಮೂಲೆಗಳಲ್ಲಿ ಇನ್ನೂ ಬಿದ್ದಿದೆ. ಅದರಿಂದ ಒಂದು ಚಿಟಿಕೆ ತೆಗೆದು ದಿನವೂ ನಾಲಿಗೆಯ ಮೇಲಿಟ್ಟುಕೊಳ್ಳಬೇಕು. ಮೊದಮೊದಲು ಬಾಯಿ ಕೂಗಲು ತವಕಿಸುತ್ತದೆ. ಆಗ ತಾನು ಕಿವಿಯಲ್ಲಿ ಮಾತು ಹೇಳುತ್ತೇನೆ ಎಂದಳು. ದಿನ ಕಳೆದಂತೆ ಬಾಯಿಗೆ ಹುಡಿಯ ಪರಿಚಯವಾಗುತ್ತದೆ. ಪರಿಚಯವಾದವನ ಮೇಲೆ ಯಾರೂ ಕೂಗುವುದಿಲ್ಲ.

ಚಳಿಗಾಲ ಪೂರ್ತಿ ಅವರಿಬ್ಬರೂ ಅದನ್ನೇ ಮಾಡಿದರು. ಬೆಳಗಾದರೆ ಮುದುಕಿ ಗೋಡೆ ಹಿಡಿದು ಹಿಡಿದು ಓಣಿಗೆ ಬರುತ್ತಿದ್ದಳು. ಕೂಗುವವಳು ಚಿಟಿಕೆ ಹುಡಿ ತೆಗೆಯುತ್ತಿದ್ದಳು, ತನ್ನ ನಾಲಿಗೆಗೆ ಮೊದಲು, ಆಮೇಲೆ ಎದುರಿನವನ ನಾಲಿಗೆಗೆ, ಆಮೇಲೆ ಮುಂದಿನವರ ನಾಲಿಗೆಗೆ. ಮುದುಕಿ ಒಬ್ಬೊಬ್ಬರ ಕಿವಿಗೂ ಬಾಗುತ್ತಿದ್ದಳು. ಅವಳು ಹೇಳುತ್ತಿದ್ದದ್ದು ಬರೀ ಇಷ್ಟು: ಇದು ನಿನಗೆ ಗೊತ್ತಿರುವುದೇ. ಮೊದಲು ಕೆಲವರು ಕೆಮ್ಮಿದರು, ಕೆಲವರು ಕಣ್ಣು ಕೆಂಪು ಮಾಡಿಕೊಂಡರು. ಎದುರು ಕಟ್ಟೆಯ ಮುದುಕ ಬೈದ. ನಿಧಾನಕ್ಕೆ ಅವನೂ ಬಾಯಿ ತೆರೆದು ಕಾಯುವಂತಾದ.

ಗಡಿಗೆಯವರ ಬಾಗಿಲುಗಳಿಗೂ ಹೋಗಿ ಬಿಲ್ಲೆ ಬಿಚ್ಚಿಕೊಡಿ ಎಂದು ಕೇಳಿದರು. ಅವರು ಬಾಗಿಲು ತೆರೆಯಲಿಲ್ಲ. ಕೂಗಿಗೆ ತೂಗುಹಾಕಿದ್ದನ್ನು ಕೂಗಿಲ್ಲದೆ ಹೇಗೆ ತೆಗೆಯುವುದು ಎಂದು ಒಳಗಿನಿಂದಲೇ ಕೇಳಿದರು. ಕೂಗುವವರೆಲ್ಲ ಸುಮ್ಮನಿದ್ದರೆ ಸಾಕು, ಒಂದಷ್ಟು ಗಡಿಗೆ ಒಡೆದರೆ ಒಡೆಯಲಿ, ಬೆಟ್ಟದ ತನಕ ಸುದ್ದಿ ಹೋಗದಿದ್ದರಾಯಿತು ಎಂದು ಮುದುಕಿ ಸಮಾಧಾನ ಹೇಳಿದಳು. ಓಣಿಯ ಊತ ಆಗ ಕೊಂಚ ಇಳಿದಿತ್ತು. ಒಳಗಿನ ಮನೆಗಳಲ್ಲಿ ಕೆಲವು ಮುದುಕರು ಮಲಗಿ ನಿದ್ದೆ ಮಾಡಿದರಂತೆ. ಆ ಸುದ್ದಿ ಕೇಳಿದ ದಿನ ಕೂಗುವವಳು ಕಟ್ಟೆಯ ಮೇಲೆ ಕೂತು ಅತ್ತಳು. ತಮ್ಮನಿಗೆ ಈಗ ಮೀಸೆ ಬಂದಿರಬಹುದೇ ಎಂದು ಅವಳು ಮುದುಕಿಯನ್ನು ಕೇಳಿದಳು. ಬಂದಿರುತ್ತೆ, ಎಂದಳು ಮುದುಕಿ.

ಚಳಿ ಕಳೆಯುವ ಹೊತ್ತಿಗೆ ಮುದುಕಿಯ ದನಿ ಇಳಿಯುತ್ತ ಬಂತು. ಕಿವಿಗೆ ಬಾಯಿಟ್ಟರೂ ಬರೀ ಉಸಿರಷ್ಟೇ ಕೇಳುತ್ತಿತ್ತು. ಒಂದು ದಿನ ಬೆಳಗ್ಗೆ ಅವಳು ಬರಲಿಲ್ಲ. ಕೂಗುವವಳು ಹೋಗಿ ನೋಡಿದರೆ ಗೂಡಿನಂಥ ಆ ಮನೆಯಲ್ಲಿ ಕೂತಲ್ಲೇ ಹೋಗಿಬಿಟ್ಟಿದ್ದಳು. ತುಟಿ ಇನ್ನೂ ಮಾತಾಡುವವರ ಹಾಗೆ ತೆರೆದಿತ್ತು. ಆ ಮಾತನ್ನು ತಾನೇ ಹೇಳಲು ಕೂಗುವವಳು ಪ್ರಯತ್ನಿಸಿದಳು. ಎದುರಿನವನ ಕಿವಿಗೆ ಬಾಗಿ, ಇದು ನಿನಗೆ ಗೊತ್ತಿರುವುದೇ ಎಂದಳು. ಕೂಗಿ ಕೂಗಿ ಪಳಗಿದ ಗಂಟಲು ಅದು. ಮೆಲುಮಾತೂ ಅದರಲ್ಲಿ ಕೂಗಾಗಿಯೇ ಹೊರಟಿತು. ಮುದುಕ ಬೆಚ್ಚಿಬಿದ್ದು ಕಿವಿ ಮುಚ್ಚಿಕೊಂಡ.

ಹೂವಿನ ಕಾಲ ಬಂತು. ಮಧ್ಯಾಹ್ನದ ಹೊತ್ತು, ಬಿಸಿಗಾಳಿಯ ಜೊತೆ ಹಳದಿ ಹುಡಿಯವನು ಓಣಿಯೊಳಗೆ ಕಾಲಿಟ್ಟ. ಚಿಕ್ಕ ವಯಸ್ಸಿನವನು. ಗೋಡೆ ನರಳಲಿಲ್ಲ. ಯಾರೂ ಕೂಗಲಿಲ್ಲ. ಗಡಿಗೆಯವರ ಬಾಗಿಲುಗಳು ಮುಚ್ಚಿದ್ದವು, ಅವರು ಅವನನ್ನು ಇನ್ನೂ ನೋಡಿರಲಿಲ್ಲ. ಅವನು ಮೊದಲ ಕಟ್ಟೆಯ ಬಳಿ ನಿಂತು, ಒಂದು ಗಳಿಗೆ ಕೂತು ಹೋಗಬಹುದೇ ಎಂದು ಕೇಳಿದ. ಅವಳು ಸರಿದು ಜಾಗ ಕೊಟ್ಟಳು. ಇಷ್ಟು ವರ್ಷದಲ್ಲಿ ಅವರ ಪೈಕಿ ಒಬ್ಬನ ದನಿಯನ್ನೂ ಅವಳು ಕೇಳಿರಲಿಲ್ಲ.

"ನಮ್ಮ ಕಡೆಯಿಂದ ಹೊರಟೋರು ಈ ದಾರಿಯಲ್ಲಿ ಹೋದ್ರೆ ವಾಪಸ್ ಬರಲ್ಲ," ಎಂದ ಅವನು. "ಇಲ್ಲಿ ಎಲ್ಲೋ ಒಳ್ಳೇ ಹೂವಿರಬೇಕು, ಅಲ್ಲೇ ಉಳ್ಕೊಂಡಿದಾರೆ ಅಂತ ನಮ್ಮ ಮನೇಲಿ ಅಂದ್ಕೊಂಡಿದಾರೆ. ಅದಕ್ಕೇ ನಾನೂ ಬಂದೆ. ನೀವು ನೋಡಿದೀರಾ ಅವರನ್ನ?"

ಅವಳು, ಬಂದ ದಾರಿಯಲ್ಲೇ ಈಗಲೇ ಹೊರಡು ಎಂದು ಅವನ ತೋಳು ಹಿಡಿದು ಎಬ್ಬಿಸಿದಳು. ಅವನು ಎದ್ದ. ಎದ್ದವನು ಹೋಗುವ ಮೊದಲು, ಪಕ್ಕದ ಗಡಿಗೆಯವರ ಬಾಗಿಲಲ್ಲಿ ತೂಗಾಡುತ್ತಿದ್ದ ಮಣ್ಣಿನ ಬಿಲ್ಲೆಯನ್ನು ನೋಡಿದ. ತನ್ನ ಮುಖವನ್ನೇ ಅಲ್ಲಿ ಕಂಡು ಅವನಿಗೆ ಸಂತೋಷವಾಯಿತು. ತನ್ನವರನ್ನು ಈ ಊರವರು ಮರೆತಿಲ್ಲ ಎಂದುಕೊಂಡನೋ ಏನೋ. ಅವಳು ಹಿಡಿದೆಳೆಯುವಷ್ಟರಲ್ಲಿ ಹತ್ತಿರ ಹೋಗಿ ಅದನ್ನು ಮುಟ್ಟಿದ.

ಬಾಗಿಲು ತೆರೆದುಕೊಂಡಿತು, ಗಡಿಗೆ ಒಡೆಯಿತು. ಅದರ ಸದ್ದಿಗೆ ಪಕ್ಕದ್ದು ಒಡೆಯಿತು. ಉರಿನೀರು ಅವನ ಕಾಲಿಗೆ ಬಂತು, ಸೊಂಟಕ್ಕೆ ಬಂತು. ಅವನು ಅವಳ ಕಡೆ ನೋಡಿದ, ಏನಾಯಿತು ಎಂದು ಕೇಳುವವನ ಹಾಗೆ. ಗೋಡೆ ನರಳಿತು.

ಅವಳು ಎರಡು ಕೈಯಿಂದ ಬಾಯಿ ಮುಚ್ಚಿಕೊಂಡಳು. ಎದುರಿನ ಮುದುಕ ಹೆಗಲ ಬಟ್ಟೆಯನ್ನು ಬಾಯಿಗೆ ತುರುಕಿಕೊಂಡಿದ್ದ. ಕಟ್ಟೆಕಟ್ಟೆಗಳಲ್ಲೂ ಕೂಗುವವರು ಮುಖವನ್ನು ಮೊಣಕಾಲ ನಡುವೆ ಹುದುಗಿಸಿ ನಡುಗುತ್ತಿದ್ದರು. ಸ್ವಲ್ಪ ಹೊತ್ತು ಅವರು ತಡೆದರು. ಆಮೇಲೆ ದೂರದ ಕಟ್ಟೆಯಲ್ಲಿ ಯಾರದೋ ಬಾಯಿ ತೆರೆದುಕೊಂಡಿತು, ಆಮೇಲೆ ಎಲ್ಲರದೂ. ನೀರಿನ ಕೂಗು ಮುಗಿಯುವ ಮುನ್ನವೇ ಬೆಂಕಿಯ ಕೂಗು ಎದ್ದಿತು. ಎಲ್ಲರಿಗಿಂತ ದೊಡ್ಡದಾಗಿ ಕೇಳುತ್ತಿದ್ದ ದನಿ ಯಾರದೆಂದು ಅವಳು ಗಮನಿಸಿದಳು. ಅದು ಅವಳದೇ ಆಗಿತ್ತು. ಕೈಗಳು ಬಾಯಿಯ ಮೇಲೆ ಇದ್ದಂತೆಯೇ ಇದ್ದವು, ಕೂಗು ಬೆರಳುಗಳ ಸಂದಿಯಿಂದ ಹೋಗುತ್ತಿತ್ತು.

ಓಣಿ ಮುಚ್ಚುತ್ತ ಬಂತು. ಒಂದು ಬದಿಯ ಗೋಡೆ ಊದಿ ಇನ್ನೊಂದು ಬದಿಯ ಗೋಡೆಯನ್ನು ಮುಟ್ಟುವಷ್ಟಾಯಿತು. ಒಳಗೆ ಬಂದ ಗಾಳಿ ಹೊರಗೆ ಹೋಗಲಾರದೆ ಸಿಳ್ಳೆಯಂತೆ ಕೂಗಿತು. ಆ ಇರುಕಿನಲ್ಲಿ, ಅಂಟುನೀರಿನಲ್ಲಿ ಮೊಣಕಾಲ ತನಕ ಹೂತು, ಕೆಂಡದವರು ಬಂದರು. ಸಾಲಿನ ಮುಂದಿದ್ದವನಿಗೆ ಮೀಸೆ ಬಂದಿತ್ತು.

"ಅಕ್ಕಾ," ಎಂದ ಅವನು.

ಅವಳು ಹಿಂದಕ್ಕೆ ಹೋಗು ಎಂದಳು. ಇಲ್ಲಿ ಯಾರೂ ಇಲ್ಲ, ಬಂದವನು ಒಬ್ಬ ಹುಡುಗ, ಅವನೂ ಕರಗಿಹೋದ, ಸುಡುವುದಕ್ಕೆ ಏನೂ ಇಲ್ಲ ಎಂದಳು.

"ಕೂಗಿದ್ದು ನೀನಲ್ವಾ?" ಎಂದ ತಮ್ಮ. "ಅಷ್ಟು ಜನ ಕೂಗ್ತಿದ್ರೂ ನನಗೆ ನಿನ್ನ ದನಿ ಒಂದೇ ಕೇಳಿಸ್ತು. ಮಿಕ್ಕೋರು ಸರದಿಗೆ ಅಂತ ಇಳಿದ್ರು. ನಾನು ಅಕ್ಕ ಕರೀತಿದಾಳೆ ಅಂತ ಓಡಿ ಬಂದೆ."

"ಆ ಕೆಂಡ ಕೆಳಗಿಡಪ್ಪ."

ಅವನು ಕೈ ಚಾಚಿ ತೋರಿಸಿದ. ಕೈಯಲ್ಲಿ ಏನೂ ಇರಲಿಲ್ಲ. ಅಂಗೈಯ ಚರ್ಮದೊಳಗೇ ಕೆಂಡ ಹೊಳೆಯುತ್ತಿತ್ತು, ಮೊಣಕೈಯೊಳಗೂ, ಎದೆಯೊಳಗೂ. "ಇದನ್ನ ಎಲ್ಲಿ ಅಂತ ಇಳಿಸಲಿ ಅಕ್ಕ? ಬೆಟ್ಟ ಇಳಿದ ಮೇಲೆ ಇದು ಒಡೀಲೇಬೇಕು. ನೀನು ಸ್ವಲ್ಪ ದೂರ ನಿಂತ್ಕೋ."

ಅವಳು ದೂರ ನಿಲ್ಲಲಿಲ್ಲ. ಅವನು ಅವಳನ್ನು ನೂಕಿ, ಮುಖವನ್ನು ಗೋಡೆಯ ಕಡೆ ತಿರುಗಿಸಿ ನಿಂತ. ಅವನ ಮೈ ಬಿರಿದಾಗ ಸದ್ದೇನೂ ಆಗಲಿಲ್ಲ. ಗೋಡೆಯ ಆ ಭಾಗ ಕಪ್ಪಾಯಿತು, ಸಿಪ್ಪೆಯ ಹಾಗೆ ಕಳಚಿತು. ಗೋಡೆ ನರಳಿತು. ತಮ್ಮ ಬಿದ್ದ ಜಾಗದ ಮುಂದೆಯೇ ನಿಂತು ಅವಳು ಮತ್ತೆ ಬೆಂಕಿಯ ಕೂಗು ಕೂಗಿದಳು, ಏಕೆಂದರೆ ಗೋಡೆ ನರಳಿತ್ತು.

ಎಷ್ಟು ಹೊತ್ತು ಹಾಗೆ ನಡೆಯಿತೋ. ಬೆಟ್ಟದಲ್ಲಿ ಇಳಿಯಲು ಯಾರೂ ಉಳಿಯದಿದ್ದಾಗ, ಗಡಿಗೆಗಳೆಲ್ಲ ಬರಿದಾದಾಗ ಅದು ನಿಂತಿತು. ಓಣಿ ಪೂರ್ತಿ ಮುಚ್ಚಿರಲಿಲ್ಲ. ನೂಲೆಳೆಯಷ್ಟು ಗಾಳಿ ಇನ್ನೂ ಓಡಾಡುತ್ತಿತ್ತು. ಊರು ಆ ಎಳೆಯನ್ನೇ ಹಿಡಿದುಕೊಂಡು ಬದುಕಿತು. ಒಳಗಿನ ಮನೆಗಳಲ್ಲಿ ಕೆಲವು ದೀಪಗಳು ಆರಿಹೋಗಿದ್ದವು, ಅವನ್ನು ಮತ್ತೆ ಹಚ್ಚುವವರು ಇರಲಿಲ್ಲ. ಗಡಿಗೆಯವರು ಹೊಸ ಗಡಿಗೆಗಳನ್ನು ತುಂಬಿಸತೊಡಗಿದರು. ಬೆಟ್ಟಕ್ಕೆ ಒಯ್ಯಲು ಅಂಗೈ ಬಿಸಿಯ ಮಕ್ಕಳನ್ನು ಹುಡುಕಿಕೊಂಡು ಜನ ಬಂದರು. ಈ ಸಲ ತುಂಬ ಮಕ್ಕಳು ಬೇಕಾಗಿದ್ದರು.

ಕೂಗುವವಳ ದನಿ ಹೋಗಿಬಿಟ್ಟಿತ್ತು. ಬಾಯಿ ತೆರೆದರೆ ಗಂಟಲಿನಲ್ಲಿ ಮರಳು ಸರಿದ ಹಾಗಾಗುತ್ತಿತ್ತು, ಅಷ್ಟೆ. ಆದರೂ ಅವಳನ್ನು ಕಟ್ಟೆಯಿಂದ ಇಳಿಸಲಿಲ್ಲ. ದನಿ ಮತ್ತೆ ಬರುತ್ತದೆ, ಬಂದೇ ಬರುತ್ತದೆ ಎಂದು ಎದುರಿನ ಮುದುಕ ಹೇಳಿದ. ಅವಳು ತಮ್ಮ ನಿಂತಿದ್ದ ಜಾಗದ ಕಡೆ ಬೆನ್ನು ಮಾಡಿ ಕೂತಿರುತ್ತಿದ್ದಳು. ಉಣ್ಣುತ್ತಿರಲಿಲ್ಲ.

ಹೀಗಿರುವಾಗ ಹಾಲಿನವಳು ಬಂದಳು. ದಿನವೂ ಹೊರಗಿನಿಂದ ತಂಬಿಗೆಯಲ್ಲಿ ಹಾಲು ತಂದು ಊರಿಗೆ ಕೊಡುವವಳು. ಅವಳ ತಾಯಿಯೂ ತರುತ್ತಿದ್ದಳು, ಅದರ ಹಿಂದಿನವಳೂ. ಆ ಊರಿನ ಮಕ್ಕಳ ಬಾಯಿಗೆ ಮೊದಲು ಬೀಳುತ್ತಿದ್ದದ್ದು ಅವಳ ಹಾಲು. ಇರುಕಾದ ಓಣಿಯಲ್ಲಿ ಅಡ್ಡಡ್ಡಲಾಗಿ ತೂರಿಕೊಂಡು ಬಂದ ಅವಳು ಮೊದಲ ಕಟ್ಟೆಯ ಬಳಿ ನಿಂತಳು. ಕೂಗುವವಳ ಮುಖ ನೋಡಿದಳು. ತಂಬಿಗೆ ಇಳಿಸಿ ಪಕ್ಕದಲ್ಲಿ ಕೂತಳು. ಯಾರು ಹೋದರೆಂದು ಕೇಳಲಿಲ್ಲ. ಒಂದು ಬಟ್ಟಲು ಹಾಲು ಬಗ್ಗಿಸಿ, ಅವಳ ತಲೆಯ ಹಿಂದೆ ಕೈಯಿಟ್ಟು, ಮಗುವಿಗೆ ಕುಡಿಸುವ ಹಾಗೆ ಸ್ವಲ್ಪ ಸ್ವಲ್ಪವೇ ಕುಡಿಸಿದಳು.

ಆಮೇಲೆ ಗೋಡೆ ನರಳಿದ್ದಕ್ಕೆ ಹಾಲಿನವಳು ಕಾರಣಳಲ್ಲ. ಸುಟ್ಟ ಗೋಡೆ ಆ ದಿನಗಳಲ್ಲಿ ಸುಮ್ಮಸುಮ್ಮನೆ ನರಳುತ್ತಿತ್ತು, ಆಗಲೂ ನರಳಿತು.

ಎದುರು ಕಟ್ಟೆಯ ಮುದುಕ ತಲೆಯೆತ್ತಿದ. ಓಣಿಯಲ್ಲಿ ಯಾರಿದ್ದಾರೆ ಎಂದು ನೋಡಿದ. ಕೂಗುವವಳು ಹಾಲಿನವಳ ಮುಂದೆ ಅಡ್ಡ ನಿಂತು, ಬೇಡ ಬೇಡವೆಂದು ಕೈಯಾಡಿಸಿದಳು. ಮುದುಕನ ಕಣ್ಣಲ್ಲಿ ನೀರಿತ್ತು. ಅವನು ಆ ಹಾಲನ್ನೇ ಕುಡಿದು ಬೆಳೆದವನು. ಬಾಯಿ ತೆರೆದು ಮುದ್ರೆಯ ಕೂಗು ಕೂಗಿದ. ಮುಂದಿನ ಕಟ್ಟೆ ಅದನ್ನು ಎತ್ತಿಕೊಂಡಿತು. ಓಣಿಯ ಒಳಗಡೆ ಹಸಿ ಮಣ್ಣನ್ನು ತಟ್ಟುವ ಸದ್ದು ಶುರುವಾಯಿತು.

"ಚೆನ್ನಾಗಿ ಕೂಗ್ತಾರೆ," ಎಂದಳು ಹಾಲಿನವಳು. ಹೊರಗಿನವಳಾದ ಅವಳಿಗೆ ಕೂಗಿನ ಅರ್ಥ ತಿಳಿಯದು. ಬಟ್ಟಲು ಒರೆಸಿ, ಸೆರಗು ಕೊಡವಿಕೊಂಡು ಎದ್ದಳು. ಕೂಗುವವಳು ಅವಳ ಸೆರಗು ಹಿಡಿದುಕೊಂಡಳು. ತುಟಿ ಅಲುಗಿತು, ಗಂಟಲು ಕದಲಿತು, ಮಾತು ಬರಲಿಲ್ಲ.

ಹಾಲಿನವಳು ಆ ಹಿಡಿತವನ್ನು ಮೆಲ್ಲಗೆ ಬಿಡಿಸಿ, ಅವಳ ಕೈಯನ್ನು ತನ್ನ ಎರಡು ಕೈಗಳ ನಡುವೆ ಇಟ್ಟುಕೊಂಡಳು.

"ಇರು, ಇರು," ಎಂದಳು. "ನಾಳೆ ಇದೇ ಹೊತ್ತಿಗೆ ಬರ್ತೀನಿ. ನಿನಗೆ ಅಂತ ಸ್ವಲ್ಪ ಜಾಸ್ತೀನೇ ತರ್ತೀನಿ."